ಪಡುವಣ ಕಿಟಕಿ ತೆಗೆದಿದ್ದೇವೆ

ನಿನ್ನೆ ಸಂಜೆ ಅಮ್ಮ ಪಡುವಣ ಕಿಟಕಿ ತೆಗೆದಳು. ಸುಮ್ನೆ, ಗಾಳಿ ಬರಲಿ ಅಂತ. ಬೇರೆಯವರ ಮನೆಯಲ್ಲಿ ಇದೊಂದು ಸುದ್ದಿಯೇ ಅಲ್ಲ. ನಮ್ಮ ಮನೆಯಲ್ಲಿ ಆ ಕಿಟಕಿಗೆ ಆರು ವರ್ಷದಿಂದ ಟಾರ್ಪಾಲು ಹೊಡೆದಿತ್ತು.

ಹಾಸನ ಜಿಲ್ಲೆಯ ಒಂದು ಪಟ್ಟಣದ ಅಂಚಿನ ಹಳ್ಳಿ ನಮ್ಮದು. ಹೆಸರು ಹೇಳುವುದಿಲ್ಲ. ಹೇಳಿದರೆ 'ಓ, ಆ ಕಸದೂರಾ' ಅಂತಾರೆ, ಕೇಳಿ ಕೇಳಿ ಸಾಕಾಗಿದೆ. ಪಟ್ಟಣದ ಕಸವೆಲ್ಲ ಬಂದು ಬೀಳುತ್ತಿದ್ದ ಯಾರ್ಡು ಊರಿನ ಪಡುವಣಕ್ಕಿದೆ. ಆಷಾಢದ ಗಾಳಿ ಬೀಸುವುದೂ ಆ ಕಡೆಯಿಂದಲೇ. ಹಾಗಾಗಿ ಮಳೆಗಾಲ ಶುರುವಾದರೆ ನಾತ ಒಳಗೆ, ನಾವೂ ಒಳಗೆ. ಬೇಸಿಗೆಯಲ್ಲಿ ನೊಣ. ಆಲೂಗಡ್ಡೆ ಹೊಲದಲ್ಲಿ ಗೆಡ್ಡೆಗಿಂತ ಜಾಸ್ತಿ ಪ್ಲಾಸ್ಟಿಕ್ ಕವರ್ ಸಿಗುತ್ತಿತ್ತು ಅಂದರೆ ನಗಬೇಡಿ. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಲೋಟವನ್ನು ಅರ್ಧಕ್ಕೆ ಇಟ್ಟು ಎದ್ದು ಹೋಗಿದ್ದರು. ಲೋಟದಲ್ಲಿ ಎರಡು ನೊಣ ತೇಲುತ್ತಿದ್ದವು, ಅವರನ್ನೂ ಬೈಯುವ ಹಾಗಿರಲಿಲ್ಲ.

ದೂರು ಕೊಡಲಿಲ್ಲವಾ ಅಂತ ಕೇಳಬೇಡಿ. ಯಾರ್ಡು ಪುರಸಭೆಯದು, ಊರು ಗ್ರಾಮ ಪಂಚಾಯಿತಿಯದು. ಪಂಚಾಯಿತಿಗೆ ಹೋದರೆ 'ಅದು ಅವರ ಜಾಗ', ಪುರಸಭೆಗೆ ಹೋದರೆ 'ನೀವು ನಮ್ಮ ವಾರ್ಡಿನವರಲ್ಲ'. ಘನತ್ಯಾಜ್ಯದ 2016ರ ನಿಯಮದಲ್ಲಿ ಕಸ ಹೂಳುವ ಜಾಗ ಮನೆ, ಬಾವಿಗಳಿಂದ 200 ಮೀಟರ್ ದೂರ ಇರಬೇಕು ಅಂತ ಇತ್ತು. ಅದರ ಜೆರಾಕ್ಸ್ ಹಿಡಿದುಕೊಂಡು ನಾವು ಮೂರ್ನಾಲ್ಕು ಜನ ಎಷ್ಟು ಸಲ ಅಲೆದೆವೋ. ನಮ್ಮ ಕೊನೇ ಮನೆಯಿಂದ ಗುಡ್ಡೆಗೆ 140 ಹೆಜ್ಜೆ, ನಾನೇ ಅಳೆದಿದ್ದೆ.

ಕೊನೆಗೆ ಒಂದು ಬೇಸಿಗೆಯಲ್ಲಿ ಗುಡ್ಡೆಗೆ ಬೆಂಕಿ ಬಿತ್ತು. ಯಾರೂ ಹಚ್ಚಬೇಕಾಗಿಲ್ಲ, ಒಳಗೆ ಕೊಳೆತ ಹಸಿ ಕಸದಿಂದ ಮೀಥೇನ್ ಅನಿಲ ಎದ್ದು ಬರುತ್ತಲೇ ಇರುತ್ತದೆ, ಒಂದು ಬೀಡಿ ತುಂಡು ಸಾಕು. ಫೈರ್ ಇಂಜಿನ್ ಬಂದು ನೀರು ಹೊಡೆದರೆ ಮೇಲೆ ಆರುತ್ತದೆ, ಒಳಗೆ ಉರಿಯುತ್ತಲೇ ಇರುತ್ತದೆ. ಹನ್ನೊಂದು ದಿನ ಹೊಗೆ. ಅಜ್ಜನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆವು.

ಆಗ ಪುರಸಭೆಗೆ ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ಮೇಡಂ ಮೊದಲ ಸಲ ಬೆಳಿಗ್ಗೆ ಹನ್ನೊಂದಕ್ಕೆ ಬಂದರು. 'ಈಗ ಅಷ್ಟೇನೂ ವಾಸನೆ ಇಲ್ವಲ್ಲ' ಅಂದರು. ನಮ್ಮೂರಿನ ಹೆಂಗಸರಿಗೆ ಸಿಟ್ಟು ಬಂತು. 'ರಾತ್ರಿ ಎಂಟು ಗಂಟೆಗೆ ಬನ್ನಿ ಮೇಡಂ, ಉಣ್ಣೋ ಹೊತ್ತಿಗೆ' ಅಂದರು. ಬರುವುದಿಲ್ಲ ಅಂತ ನಾವೆಲ್ಲ ಪಂದ್ಯ ಕಟ್ಟಿದ್ದೆವು. ಅವರು ಬಂದರು! ಎಂಜಿನಿಯರನ್ನೂ ಪಂಚಾಯಿತಿ ಪಿಡಿಒ ಅವರನ್ನೂ ಜೊತೆಗೆ ಕರೆದುಕೊಂಡು ಬಂದು, ನಮ್ಮ ಜಗಲಿಯ ಮೇಲೆ ಒಂದೂವರೆ ಗಂಟೆ ಕೂತರು, ಮೂಗಿಗೆ ಕರ್ಚೀಫ್ ಹಿಡಿಯಲಿಲ್ಲ. ಅಮ್ಮ ಲೋಟದ ಮೇಲೆ ತಟ್ಟೆ ಮುಚ್ಚಿ ಕಾಫಿ ಕೊಟ್ಟಳು. ಪೂರ್ತಿ ಕುಡಿದರು. ಮೇಡಂ, ಮುಂದೆ ನೀವು ಮಾಡಿಸಿದ ಕೆಲಸಕ್ಕಿಂತ ಮೊದಲು ಆ ಕಾಫಿಗೆ ಥ್ಯಾಂಕ್ಸ್.

ಮೊದಲು ಗುಡ್ಡೆಯನ್ನು ಅಗೆದು, ಒಳಗಿನ ಬೆಂಕಿಯ ಮೇಲೆ ಮಣ್ಣು ಸುರಿಸಿದರು. ಕಸದಿಂದ ಒಸರುವ ಕಪ್ಪು ನೀರು ಹೊಲಕ್ಕೆ ಹರಿಯದ ಹಾಗೆ ಸುತ್ತ ಚರಂಡಿ ಆಯಿತು. ಆಮೇಲೆ ಬಯೋಮೈನಿಂಗ್ ಅಂತ ಶುರುವಾಯಿತು. ನಮಗೆ ಚಿನ್ನದ ಗಣಿ ನೆನಪಾಯಿತು, ಕಸದಲ್ಲಿ ಏನು ಗಣಿ ಅಂತ. ಹಳೇ ಕಸವನ್ನು ಉದ್ದುದ್ದ ರಾಶಿ ಹಾಕಿ, ಸಗಣಿ ನೀರಿನ ಥರದ ದ್ರಾವಣ ಚಿಮುಕಿಸಿ, ಆಗಾಗ ತಿರುವಿ ಹಾಕಿ, ಒಣಗಿದ ಮೇಲೆ ದೊಡ್ಡ ಉರುಳೆ ಜರಡಿಯಲ್ಲಿ ಸೋಸುತ್ತಾರೆ. ಪ್ಲಾಸ್ಟಿಕ್, ಬಟ್ಟೆ ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಹೋಯಿತು. ಕಲ್ಲು, ಇಟ್ಟಿಗೆ ಚೂರು ತಗ್ಗಿಗೆ ಹೋಯಿತು. ಜರಡಿಯಿಂದ ಬಿದ್ದ ಮಣ್ಣು ಕಪ್ಪಗೆ ಗೊಬ್ಬರದ ಹಾಗೇ ಇತ್ತು, ನಾವು ಹೊಲಕ್ಕೆ ಕೇಳಿದೆವು. ಎಂಜಿನಿಯರ್ ಕೊಡಲಿಲ್ಲ. 'ಅದರಲ್ಲಿ ಗಾಜು, ಸೀಸ ಏನೇನಿದೆಯೋ, ಟೆಸ್ಟ್ ಆಗದೆ ಒಂದು ಬುಟ್ಟಿಯೂ ಕೊಡಲ್ಲ' ಅಂದರು. ಆವತ್ತು ಬೈದುಕೊಂಡಿದ್ದೆವು. ಸಾರ್, ನೀವು ಹೇಳಿದ್ದೇ ಸರಿ.

ಆದರೆ ಹಳೇ ಗುಡ್ಡೆ ಕರಗಿಸಿದರೆ ಏನು ಬಂತು, ದಿನಾ ಹೊಸದು ಬಂದು ಬೀಳುತ್ತಿದ್ದರೆ? ಅದನ್ನು ನಿಲ್ಲಿಸಿದವರು ಪೌರಕಾರ್ಮಿಕ ಹೆಂಗಸರು. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ತಗೊಳ್ಳಲ್ಲ ಅಂತ ಪಟ್ಟಣದ ಬಾಗಿಲು ಬಾಗಿಲಲ್ಲಿ ನಿಂತರು. ಬೈಸಿಕೊಂಡರು. ಒಬ್ಬರ ಮೇಲೆ ಮಹಡಿಯಿಂದ ಕವರ್ ಎಸೆದರಂತೆ. ಮರುದಿನವೂ ಅದೇ ಮನೆ ಮುಂದೆ ಸೀಟಿ ಊದಿದರು. ಆಟೋ ಟಿಪ್ಪರ್ ಓಡಿಸುವ ಅಣ್ಣ ಒಬ್ಬರು ಮಿಶ್ರ ಕಸ ಕಂಡರೆ ಗಾಡಿಯನ್ನೇ ಮುಂದೆ ಬಿಡುತ್ತಿರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ರಾತ್ರಿ ಹೊತ್ತು ಕೋಳಿ ಪುಕ್ಕ, ಕರುಳು ತಂದು ಯಾರ್ಡಿನ ಬೇಲಿಯಾಚೆ ಎಸೆಯುತ್ತಿದ್ದವರು ಪಟ್ಟಣದವರಲ್ಲ, ನಮ್ಮೂರಿನವರೇ. ಬೀದಿ ನಾಯಿ ಜಾಸ್ತಿಯಾಗಿ ಮೇಕೆ ಹಿಡಿದಾಗ ಪುರಸಭೆಗೆ ಬೈದವರೂ ಅವರೇ. ಹೆಲ್ತ್ ಇನ್ಸ್‌ಪೆಕ್ಟರ್ ದಂಡ ಹಾಕಿದಾಗ ನಾವು ಯಾರೂ ಬಿಡಿಸಲು ಹೋಗಲಿಲ್ಲ. ಅದೂ ಒಂದು ಥ್ಯಾಂಕ್ಸ್ ಅಂತಲೇ ತಿಳಿಯಿರಿ ಸಾರ್.

ಎಲ್ಲ ಮುಗಿದಿಲ್ಲ. ಮೂಲೆಯಲ್ಲಿ ಇನ್ನೂ ಒಂದು ರಾಶಿ ಇದೆ. ಬೋರ್‌ವೆಲ್ ನೀರು ಈಗಲೂ ಹಳದಿ, ನೆಲಕ್ಕೆ ಇಳಿದ ಕಪ್ಪು ನೀರು ಗುಡ್ಡೆ ಹೋದ ತಕ್ಷಣ ಹೋಗಿಬಿಡಲ್ಲ ಅಂತಾರೆ. ಕುಡಿಯಲು ಪೈಪ್ ಎಳೆಸಿಕೊಟ್ಟಿದ್ದಾರೆ, ಅಷ್ಟು ಸದ್ಯಕ್ಕೆ ಸಾಕು. ಆ ಬೋರ್‌ವೆಲ್ ಮರೆಯಬೇಡಿ, ನಾವಂತೂ ಮರೆಯಲು ಬಿಡಲ್ಲ.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಪಟ್ಟಣದಲ್ಲಿ ಶಾಲು, ಹಾರ, ಭಾಷಣ ಎಲ್ಲ ಮುಗಿಸಿಕೊಂಡು ಮಧ್ಯಾಹ್ನ ನಮ್ಮೂರಿಗೆ ಬನ್ನಿ. ಜರಡಿ ಯಂತ್ರದ ಹುಡುಗರು, ಜೆಸಿಬಿ ಅಣ್ಣ, ಎಲ್ಲರೂ. ಗುಡ್ಡೆ ಇದ್ದ ಜಾಗದ ಪಕ್ಕದ ಹುಣಸೆ ಮರದ ಕೆಳಗೆ ಊಟ. ರಾಗಿ ಮುದ್ದೆ, ಬಸ್ಸಾರು, ಬೇಕಾದವರಿಗೆ ಕೋಳಿ ಸಾರು. ಉಂಡ ಎಲೆ ಹಸಿ ಕಸದ ಡಬ್ಬಕ್ಕೇ ಹಾಕುತ್ತೇವೆ, ಇಲ್ಲದಿದ್ದರೆ ನೀವು ಅಲ್ಲೇ ಸೀಟಿ ಊದುತ್ತೀರಿ, ಗೊತ್ತು.