ಸರಗೂರಿನ ಆ ಸಿಸ್ಟರ್‌ಗೆ

ಇವತ್ತು ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋದರು. ಮೊಣಕಾಲುದ್ದದ ಗಮ್‌ಬೂಟ್ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ನಿಧಾನವಾಗಿ. ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದರು, ಅಷ್ಟೇ. ಅವರು ಬರೋವರೆಗೂ ಅವ್ವ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಇದನ್ನ ಇವತ್ತೇ ಬರೆಯಬೇಕು ಅನ್ನಿಸಿತು.

ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ರಾಗಿ ಅರಿ ಎತ್ತುವಾಗ ಅಪ್ಪನಿಗೆ ಕೊಳಕುಮಂಡಲ ಹಾವು ಕಡಿದದ್ದು, ಆಮೇಲಿನ ಕಿಡ್ನಿ ಪಾಡು, ಎಲ್ಲ ಫೋನಲ್ಲಿ ಹೇಳಿದ್ದೇನೆ. ಮೊದಲ ರಾತ್ರಿಯ ಬಗ್ಗೆ ಮಾತ್ರ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ.

ಪಕ್ಕದ ಮನೆ ಅಣ್ಣ ಆಟೋ ತೆಗೆದರು. ಮಂತ್ರ ಹಾಕಿಸೋಣ ಅಂದವರ ಮಾತು ಕೇಳಲಿಲ್ಲ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿದೆವು, ಔಷಧಿ ಇಲ್ಲ ಅಂದರು. ಅದರ ಬಗ್ಗೆ ಇವತ್ತು ಬರೆಯಲ್ಲ. ಅಣ್ಣ ಮತ್ತೆ ಎಲ್ಲೂ ನಿಲ್ಲಿಸದೆ ಸೀದಾ ಸರಗೂರಿಗೆ ಹೊಡೆದರು.

ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ನಮ್ಮ ಕಡೆಯವರಿಗೆ ಹೊಸದಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಮೈಸೂರಲ್ಲಿ ಡಾಕ್ಟರಿಕೆ ಓದುತ್ತಿದ್ದಾಗಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಆಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರು. ಬ್ರಹ್ಮಗಿರಿ ಹಾಡಿಯಲ್ಲಿ ಆದಿವಾಸಿಗಳಿಗೆ ಔಷಧಿ ಕೊಡೋಕೆ ಶುರು ಮಾಡಿ, ಮುಂದೆ ಕೆಂಚನಹಳ್ಳಿ, ಆಮೇಲೆ ಸರಗೂರು. ಚಿಕ್ಕಂದಿನಲ್ಲಿ ನಮಗೆ ಅದು ಜ್ವರ ಬಂದರೆ ಹೋಗೋ ಜಾಗ, ಹೆರಿಗೆಗೆ ಹೋಗೋ ಜಾಗ. ಮೈಸೂರಲ್ಲಿ ಕೆಲಸ ಸಿಕ್ಕ ಮೇಲೆ ನಾನು ಅದನ್ನ ನೆನೆಸಿಕೊಂಡಿದ್ದೇ ಕಮ್ಮಿ.

ಆ ರಾತ್ರಿ ವಾರ್ಡಿನಲ್ಲಿದ್ದ ಸಿಸ್ಟರ್ ಹೆಸರು ಇಲ್ಲಿ ಬರೆಯಲ್ಲ, ಬೇಡ ಅಂದಿದ್ದಾರೆ. ನನಗಿಂತ ಏಳೆಂಟು ವರ್ಷ ಚಿಕ್ಕವರು. ಅವರ ಡ್ಯೂಟಿ ಮುಗಿದಿತ್ತಂತೆ. ಹೆರಿಗೆ ವಾರ್ಡಿನಲ್ಲಿ ಒಂದೇ ಸಲಕ್ಕೆ ಎರಡು ಹೆರಿಗೆ ಬಂದು, ಜೊತೆಯವರು ಅಲ್ಲಿದ್ದರು ಅಂತ ಇವರು ಉಳಿದುಕೊಂಡಿದ್ದರು. ಇದು ನನಗೆ ಗೊತ್ತಾಗಿದ್ದು ಮಾರನೇ ದಿನ, ಅದೂ ಆಯಾ ಹೇಳಿ.

ಹೋದ ತಕ್ಷಣ ಅಪ್ಪನ ಕೈಯಿಂದ ರಕ್ತ ತೆಗೆದು ಒಂದು ಗಾಜಿನ ಟ್ಯೂಬಿಗೆ ಹಾಕಿದರು. ಟ್ಯೂಬಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಲ್ಲಿ ಟೈಮ್ ಬರೆದರು. 7.40. ಮೇಜಿನ ಮೇಲೆ ನಿಲ್ಲಿಸಿ, ‘ಅಕ್ಕಾ, ಇಪ್ಪತ್ತು ನಿಮಿಷ ಇದನ್ನ ಯಾರೂ ಮುಟ್ಟಬಾರದು, ಅಲ್ಲಾಡಿಸಲೂಬಾರದು’ ಅಂದರು. ಇಪ್ಪತ್ತು ನಿಮಿಷ ಆದ ಮೇಲೆ ಮೆಲ್ಲಗೆ ಬಗ್ಗಿಸಿದರು. ರಕ್ತ ನೀರಿನ ಹಾಗೆ ಹರಿಯಿತು. ವಿಷ ಮೈಗೆ ಏರಿದೆ, ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂತ ಅರ್ಥ. ಡಾಕ್ಟರು ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್ ಶುರು ಮಾಡಿಸಿದರು. ಆರು ಗಂಟೆ ಬಿಟ್ಟು ಮತ್ತೆ ನೋಡಬೇಕು ಅಂದರು.

ಆ ಆರು ಗಂಟೆ ಸಿಸ್ಟರ್ ಕೂತಿದ್ದು ನಾನು ನೋಡಲಿಲ್ಲ. ಅಪ್ಪನ ವಸಡಿನಿಂದ ರಕ್ತ ಒಸರುತ್ತಲೇ ಇತ್ತು. ಹತ್ತಿ ಒದ್ದೆ ಮಾಡಿ ಒರೆಸೋರು, ಬಿಪಿ ನೋಡೋರು, ಮೂತ್ರದ ಚೀಲ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡೋರು. ನಡುವೆ ಅವ್ವನಿಗೆ ಬಿಸಿನೀರು ತಂದು ಕೊಟ್ಟರು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ತಿಳಿಸಬೇಕು ಅಲ್ವಾ, ಅದಕ್ಕೆ ವಿವರ ಬೇಕಿತ್ತು. ಎಷ್ಟು ಗಂಟೆಗೆ ಕಡಿಯಿತು, ಎಲ್ಲಿ, ಹಗ್ಗ ಕಟ್ಟಿದ್ರಾ ಅಂತ ಕೇಳಿದರು. ಕಟ್ಟಿದ್ದೆವು. ಅವ್ವನೇ ಸೆರಗು ಹರಿದು ಬಿಗಿಯಾಗಿ ಕಟ್ಟಿದ್ದರು. ಅದು ತಪ್ಪು ಅಂತ ಅವ್ವನಿಗೆ ಆಗಲೇ ಗೊತ್ತಾಗಿ ಅಳುತ್ತಿದ್ದರು. ಸಿಸ್ಟರ್ ಬರೆಯೋದು ನಿಲ್ಲಿಸಿ, ‘ಅವ್ವಾ, ಎಲ್ಲರೂ ಕಟ್ಟೇ ಕರ್ಕೊಂಡು ಬರ್ತಾರೆ. ನೀವು ಬೇಗ ಬಂದ್ರಲ್ಲ, ಅದು ದೊಡ್ಡದು’ ಅಂದರು.

ರಾತ್ರಿ ಎರಡು ಗಂಟೆ ಹೊತ್ತಿಗೆ ಎರಡನೇ ಟ್ಯೂಬು. ಅದೂ ನೀರು.

ಇಲ್ಲಿಂದ ಮುಂದಿನದನ್ನು ಬರೆಯೋಕೆ ಕೈ ಬರ್ತಿಲ್ಲ, ಆದರೂ ಬರೆಯುತ್ತೇನೆ. ನಾನು ಕೂಗಾಡಿದೆ. ಈ ಸಣ್ಣ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನಮ್ಮಪ್ಪನ್ನ ಸಾಯಿಸ್ತಿದ್ದೀರಿ ಅಂದೆ. ಈಗಲೇ ಮೈಸೂರಿಗೆ ಕರೆದುಕೊಂಡು ಹೋಗ್ತೀನಿ ಅಂತ ಅಪ್ಪನ ಡ್ರಿಪ್ಪಿಗೆ ಕೈ ಹಾಕಿದೆ. ಮೈಸೂರು ಐವತ್ತು ಕಿಲೋಮೀಟರ್‌ಗಿಂತ ಜಾಸ್ತಿ. ಅಪ್ಪನ ಮೈಯಲ್ಲಿ ಹೆಪ್ಪುಗಟ್ಟದ ರಕ್ತ. ಸಿಸ್ಟರ್ ನನ್ನ ಕೈ ಹಿಡಿದುಕೊಂಡರು. ಜೋರು ಮಾಡಲಿಲ್ಲ. ‘ಅಕ್ಕಾ, ಡಾಕ್ಟ್ರು ಬರ್ತಿದ್ದಾರೆ. ಇನ್ನೊಂದು ಸುತ್ತು ಔಷಧಿ ಹಾಕ್ತಾರೆ. ಈಗ ಹೋದ್ರೆ ಆ ಔಷಧಿ ದಾರೀಲಿ ಯಾರು ಹಾಕ್ತಾರೆ?’ ಅಂದರು. ಡಾಕ್ಟರು ಬಂದು ಅದನ್ನೇ ಹೇಳಿದರು. ನಾನು ವರಾಂಡಕ್ಕೆ ಹೋಗಿ ನೆಲದ ಮೇಲೆ ಕೂತು ಅತ್ತೆ. ಅಪ್ಪನ ಜೊತೆ ಎರಡು ತಿಂಗಳಿಂದ ಮಾತು ಬಿಟ್ಟಿದ್ದೆ, ಸಣ್ಣ ವಿಷಯಕ್ಕೆ. ಕಟಾವಿಗೆ ಅಂತ ರಜೆ ಹಾಕಿ ಬಂದವಳು ಆ ಸಂಜೆವರೆಗೂ ಅವರ ಹತ್ತಿರ ನಾಲ್ಕು ಮಾತು ಆಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಹೊರಗೆ ಬಂದು, ‘ನಿಮ್ಮಪ್ಪ ಕೇಳ್ತಿದ್ದಾರೆ, ಒಳಗೆ ಬನ್ನಿ’ ಅಂದರು. ಹೋದೆ. ಬೆಳಗಿನವರೆಗೂ ಅಪ್ಪನ ಕೈ ಹಿಡಿದುಕೊಂಡೇ ಇದ್ದೆ.

ಮೂರನೇ ಟ್ಯೂಬು ಇಟ್ಟಾಗ ಬೆಳಕಾಗಿತ್ತು. ನನ್ನ ಮೊಣಕಾಲು ಮೇಜಿಗೆ ತಾಗೀತು ಅಂತ ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂತೆ. ಇಪ್ಪತ್ತು ನಿಮಿಷ. ಸಿಸ್ಟರ್ ಬಗ್ಗಿಸಿದರು. ಇನ್ನಷ್ಟು ಬಗ್ಗಿಸಿದರು. ಪೂರ್ತಿ ತಲೆಕೆಳಗು ಮಾಡಿದರು. ರಕ್ತ ಕದಲಲಿಲ್ಲ. ಅವ್ವನ ಮುಖದ ಹತ್ತಿರ ಹಿಡಿದು, ‘ನೋಡಿ ಅವ್ವಾ’ ಅಂದರು. ಅವ್ವ, ‘ಮೊಸರು ಹೆಪ್ಪಾದಂಗೆ ಆಗದೆ ಕಣ್ ಮಗಾ’ ಅಂದು ಆ ಹುಡುಗಿಯ ಕೆನ್ನೆ ಸವರಿ ನೆಟಿಕೆ ಮುರಿದರು. ಆಗ ಸಿಸ್ಟರ್ ಕಣ್ಣಲ್ಲಿ ನೀರು ಬಂತು. ರಾತ್ರಿಯೆಲ್ಲ ಬಂದಿರಲಿಲ್ಲ.

ಸಿಸ್ಟರ್, ಡಿಸ್ಚಾರ್ಜ್ ದಿನ ನಿಮ್ಮ ಹತ್ತಿರ ಕ್ಷಮೆ ಕೇಳಬೇಕು ಅಂತಲೇ ಬಂದಿದ್ದೆ. ನೀವು, ‘ಅಯ್ಯೋ ಬಿಡಿ ಅಕ್ಕಾ’ ಅಂತ ಇನ್ನೊಬ್ಬರ ಡ್ರಿಪ್ ನೋಡೋಕೆ ಹೋದಿರಿ. ಎಲ್ಲರ ಮುಂದೆ ಕೇಳುತ್ತಿದ್ದೇನೆ, ಕ್ಷಮಿಸಿ.

ಡಾಕ್ಟರುಗಳಿಗೆ, ಲ್ಯಾಬಿನವರಿಗೆ, ಆಯಾಗೆ, ಆಟೋ ಅಣ್ಣನಿಗೆ, ರಕ್ತ ಕೊಟ್ಟವರಿಗೆ, ನಮ್ಮ ರಾಗಿ ಕಟಾವು ಮುಗಿಸಿ ಮೆದೆ ಹಾಕಿದ ಊರಿನವರಿಗೆ, ರಜೆ ಕೊಟ್ಟ ಆಫೀಸಿಗೆ, ದುಡ್ಡು ಕಳಿಸಿ ವಾಪಸ್ ಕೇಳದ ಗೆಳೆಯರಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಚಿಕ್ಕದೇವಮ್ಮನ ಬೆಟ್ಟಕ್ಕೆ ಅವ್ವ ಹೊತ್ತ ಹರಕೆ ಬೇರೆ ಇದೆ, ಅದನ್ನ ತೀರಿಸುತ್ತೇವೆ.

ಇನ್ನೊಂದು ಮಾತು. ಆ ಇಂಜೆಕ್ಷನ್ ಹೇಗೆ ಬರುತ್ತೆ ಅಂತ ಅಪ್ಪ ಡಾಕ್ಟರನ್ನ ಕೇಳಿ ತಿಳಿದುಕೊಂಡರು. ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಸೊಸೈಟಿ ಮಾಡಿಕೊಂಡು, ಹಾವು ಹಿಡಿದು, ವಿಷ ತೆಗೆದು, ಹಾವನ್ನ ಮತ್ತೆ ಕಾಡಿಗೆ ಬಿಡುತ್ತಾರಂತೆ. ಆ ವಿಷವನ್ನ ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಔಷಧಿ ಮಾಡುತ್ತಾರೆ. ಕೇಳಿ ಅಪ್ಪ ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ, ‘ಆ ಜನಕ್ಕೂ ಒಂದು ನಮಸ್ಕಾರ ಬರಿ’ ಅಂದರು. ಬರೆದಿದ್ದೇನೆ ಅಪ್ಪ.

ಸಿಸ್ಟರ್, ರಾಗಿ ಒಕ್ಕಣೆ ಮುಗಿದಿದೆ. ಕೊಟ್ಟರೆ ತಗೊಳ್ಳಲ್ಲ ಅಂದಿರಿ, ಅದಕ್ಕೆ ಮನೆಗೇ ಕರೆಯುತ್ತಿದ್ದೇವೆ. ನಿಮಗೆ ರಜೆ ಇರೋ ದಿನ ಹೇಳಿ, ಆಟೋ ಅಣ್ಣ ಬಂದು ಕರೆದುಕೊಂಡು ಬರ್ತಾರೆ. ಹೊಸ ರಾಗಿ ಮುದ್ದೆ, ಅವರೆಕಾಳು ಸಾರು. ಅವ್ವ ಆಗಲೇ ಕೇಳುತ್ತಿದ್ದಾರೆ, ಆ ಕೂಸು ಖಾರ ತಿನ್ನುತ್ತಾ ಅಂತ.