ಎಲೆಯ ಪಾಠಕ್ಕೆ ಎಲೆಯೇ ಬೇಕು

ಮಾನ್ಯ ಸಂಪಾದಕರೇ,

ದ್ಯುತಿಸಂಶ್ಲೇಷಣೆಯ (ಗಿಡ ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯ) ಪಾಠ ಅಂದರೆ ಬಹಳಷ್ಟು ಶಾಲೆಗಳಲ್ಲಿ ಬೋರ್ಡಿನ ಮೇಲೊಂದು ಎಲೆ, ನಾಲ್ಕು ಬಾಣ, ಒಂದು ಸಮೀಕರಣ. ಅಷ್ಟೇ. ಅಂಗಳದಲ್ಲೇ ದಾಸವಾಳದ ಗಿಡ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ!

ಕುಂಡದ ಗಿಡವನ್ನು ಎರಡು ದಿನ ಕತ್ತಲೆಯಲ್ಲಿಟ್ಟು, ಒಂದು ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಡಲಿ. ಸಂಜೆ ಆ ಎಲೆಯನ್ನು ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ಬಿಡಿಸಿ, ತೊಳೆದು ಅಯೋಡಿನ್ ಹನಿಸಿದರೆ ಬಿಸಿಲು ಬಿದ್ದ ಭಾಗ ಮಾತ್ರ ಕಡುನೀಲಿ ಆಗುತ್ತದೆ, ಯಾಕೆಂದರೆ ಪಿಷ್ಟ ತಯಾರಾಗಿರುವುದು ಅಲ್ಲಿ ಮಾತ್ರ. ಸ್ಪಿರಿಟ್‌ಗೆ ಬೆಂಕಿ ಮಾತ್ರ ತಾಗಬಾರದು; ಒಲೆ ಆರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. ಆ ಕೆಲಸ ಮೇಷ್ಟ್ರದ್ದೇ, ಮಕ್ಕಳದ್ದಲ್ಲ.

ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರು ಕೆರೆಯಿಂದ ಸ್ವಲ್ಪ ಹೈಡ್ರಿಲ್ಲಾ (ನೀರೊಳಗೆ ಬೆಳೆಯುವ ಗಿಡ) ತಂದು, ಗಾಜಿನ ಲೋಟದ ನೀರಲ್ಲಿ ಮುಳುಗಿಸಿ ಬಿಸಿಲಿಗಿಡಲಿ. ಗುಳ್ಳೆ ಏಳುತ್ತವೆ, ನೆರಳಿಗೆ ತಂದರೆ ಕಡಿಮೆಯಾಗುತ್ತವೆ. 1779ರಲ್ಲಿ ಡಚ್ ವಿಜ್ಞಾನಿ ಯಾನ್ ಇಂಗೆನ್‌ಹೌಸ್ ಇಂಥ ಗುಳ್ಳೆಗಳನ್ನೇ ಗಮನಿಸಿ, ಗಿಡ ಆಮ್ಲಜನಕ ಬಿಡಲು ಬೆಳಕು ಬೇಕೆಂದು ತೋರಿಸಿದ್ದು. ಆ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆ ಜಾಸ್ತಿಯಾಗುತ್ತವೆ. ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿ ನೋಡಿ, ಸುಮ್ನೆ ಬಾಯಿಪಾಠ ಮಾಡಿದವರು ಯಾರು ಅಂತ ಗೊತ್ತಾಗುತ್ತದೆ.

– ಒಬ್ಬ ಪೋಷಕ