ನೆಟ್ಟ ಗಿಡವಲ್ಲ, ಬದುಕಿದ ಗಿಡ ಎಣಿಸಿ

ರಸ್ತೆ, ಕಟ್ಟಡದ ಕಾಮಗಾರಿಗೆ ಮರ ಕಡಿದಾಗಲೆಲ್ಲ ‘ಒಂದಕ್ಕೆ ಹತ್ತು ಗಿಡ ನೆಡುತ್ತೇವೆ’ ಎನ್ನುವುದು ಮಾಮೂಲಿಯಾಗಿದೆ. ನೆಟ್ಟಿದ್ದರಲ್ಲಿ ಎಷ್ಟು ಬದುಕಿದವು ಎಂದು ಕೇಳುವವರು ಕಡಿಮೆ.

ಹೀಗೆ ನೆಟ್ಟ ಒಂದು ಸಾಲನ್ನು ನಾನೇ ನೋಡಿದ್ದೇನೆ. ಗುಂಡಿ ಒಂದು ಗೇಣೂ ಆಳವಿರಲಿಲ್ಲ. ಒಣಗಿದ ಕಡ್ಡಿಯೊಂದನ್ನು ಸುಮ್ನೆ ಎಳೆದೆ, ಕೈಗೇ ಬಂತು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಗಿಡವೇ, ಅಲ್ವಾ?

ಅಭಿವೃದ್ಧಿ ಬೇಡ ಎನ್ನುತ್ತಿಲ್ಲ. ಮುಂದಿನವರ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆ ನೇಮಿಸಿದ ಬ್ರುಂಟ್‌ಲಾಂಡ್ ಆಯೋಗ 1987ರಲ್ಲೇ ಹೇಳಿದೆ. ಹಳೆಯ ಮರದ ನೆರಳು, ಮಳೆನೀರು ಇಂಗಿಸುವ ಬೇರು, ಹಕ್ಕಿ ಗೂಡು ಕಟ್ಟುವ ಪೊಟರೆ ಇವೆಲ್ಲ ಸಸಿಗೆ ದಕ್ಕಲು ಹತ್ತಾರು ವರ್ಷ ಬೇಕು. ಅದೂ ಸಸಿ ಬದುಕಿದರೆ.

ಕೊಡಲಿ ಎತ್ತುವ ಮೊದಲು, ಮರ ಉಳಿಯುವಂತೆ ನಕ್ಷೆ ತಿದ್ದಲು ಸಾಧ್ಯವೇ ಎಂದು ನೋಡಲಿ. ಆಗದಿದ್ದರೆ ಗುತ್ತಿಗೆದಾರರ ಬಿಲ್ಲಿನ ಒಂದು ಪಾಲನ್ನು ಮೂರು ವರ್ಷ ತಡೆಹಿಡಿದು, ಬದುಕಿರುವ ಗಿಡಗಳನ್ನು ಎಣಿಸಿದ ಮೇಲೆಯೇ ಕೊಡಲಿ.